ಚತುರ್ಭುಜನ ಐದನೆಯ ಕೈ

ಟಿಣ್.

ಸರ್ವಮಂಗಳಾಗೆ ಎಚ್ಚರವಾಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅಡುಗೆಮನೆಯ ಕಡೆಯಿಂದ, ಸ್ಟೀಲ್ ಪಾತ್ರೆಗೆ ಸಣ್ಣದೇನೋ ಬಿದ್ದ ಹಾಗೆ, ಮತ್ತೊಮ್ಮೆ ಟಿಣ್.

ಗಡಿಯಾರ ಒಂದೂ ಮುಕ್ಕಾಲು ತೋರಿಸುತ್ತಿತ್ತು. ನಲ್ಲಿ ಸೋರುತ್ತಿದ್ದರೆ ಸದ್ದು ಒಂದೇ ಲಯದಲ್ಲಿ ಬರಬೇಕಿತ್ತು. ಇದು ತಡೆದು ತಡೆದು ಬರುತ್ತಿತ್ತು. ಇಲಿಗೆ ಇಷ್ಟು ಶಿಸ್ತಿರುವುದಿಲ್ಲ. ಕಳ್ಳನಾದರೆ ಪಾತ್ರೆಯಿಂದ ತೆಗೆಯುತ್ತಾನೆಯೇ ಹೊರತು ಪಾತ್ರೆಗೆ ಹಾಕುವುದಿಲ್ಲ. ತುಮಕೂರಿನ ಹೆಣ್ಣುಮಕ್ಕಳ ಜೂನಿಯರ್ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಸಸ್ಯಶಾಸ್ತ್ರ ಕಲಿಸಿ ಸ್ವಯಂನಿವೃತ್ತಿ ಪಡೆದ ಅವಳು ಯಾವ ಅಪಾಯವನ್ನೂ ಪೂರ್ತಿ ಯೋಚಿಸದೆ ಹಾಸಿಗೆಯಿಂದ ಕಾಲು ಕೆಳಗಿಡುವವಳಲ್ಲ. ಎಲ್ಲವನ್ನೂ ಯೋಚಿಸಿ ಮುಗಿಸಿ ಪಕ್ಕಕ್ಕೆ ತಿರುಗಿದಾಗಲೇ ಗಂಡನ ಜಾಗ ಖಾಲಿಯಿರುವುದು ಕಂಡದ್ದು.

ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಸರ್ಜನ್ ಡಾ. ನಂಜುಂಡಾರಾಧ್ಯರು ಲುಂಗಿ ಮಡಚಿ ಕಟ್ಟಿ ಮಣೆಯ ಮೇಲೆ ಕೂತಿದ್ದರು. ಎರಡೂ ಕೈಗೆ ಹಾಲಿನ ಕೆನೆಯಷ್ಟು ತೆಳ್ಳಗಿನ ಬಿಳಿ ಗವಸು. ಮುಂದೆ ನೆನೆಹಾಕಿದ ಅವರೆಕಾಳಿನ ಬೇಸಿನ್ನು. ಒಂದು ಕಾಳು ತೆಗೆದು ಹಿತಕಿದರು. ಅದು ಬೆರಳ ನಡುವೆಯೇ ಪಚಕ್ ಎಂದು ಮುದ್ದೆಯಾಯಿತು. ಇನ್ನೊಂದು ಹಿತಕಿದರು, ಹಾರಿ ಗ್ಯಾಸ್ ಸಿಲಿಂಡರಿನ ಹಿಂದೆ ಹೋಯಿತು. ಮೂರನೆಯದು ಬಟ್ಟಲಿಗೆ ಬಿತ್ತು. ಟಿಣ್.

"ಏನ್ರೀ ಇದು?"

"ಹೋಂವರ್ಕು," ಎಂದರು ಅವರು, ತಿರುಗಿ ನೋಡದೆ. "ನೀನು ಮಲಕ್ಕೋ."

ಐವತ್ತೇಳು ವರ್ಷದ, ಕೈಯಾರೆ ನಾಲ್ಕು ಸಾವಿರಕ್ಕೂ ಮಿಕ್ಕಿ ಹರ್ನಿಯಾ ರಿಪೇರಿ ಮಾಡಿದ ಮನುಷ್ಯ ರಾತ್ರಿ ಹೀಗೆ ಕೂರಬೇಕಾಗಿ ಬಂದದ್ದು ಯಾಕೆಂದು ಹೇಳಬೇಕು.

ಹರ್ನಿಯಾ ಎಂದರೆ ಹೊಟ್ಟೆಯ ಗೋಡೆ ಒಂದು ಕಡೆ ಸವೆದು, ಒಳಗಿನ ಕರುಳೋ ಕೊಬ್ಬೋ ಅಲ್ಲಿಂದ ಹೊರಗೆ ಇಣುಕುವುದು. ಇಣುಕಿದ್ದನ್ನು ಒಳಗೆ ಕಳಿಸಿ, ಸವೆದ ಕಡೆ ಸೊಳ್ಳೆಪರದೆಯಂಥ ಜಾಲರಿ ಹಾಸಿ ಭದ್ರಮಾಡುವುದು ರಿಪೇರಿ. ಆರಾಧ್ಯರು ಇದನ್ನು ದೊಡ್ಡದಾಗಿ ಕೊಯ್ದು, ಕೈ ಹಾಕಿ, ಮುಟ್ಟಿ ನೋಡಿ ಮಾಡುತ್ತ ಬಂದವರು. ಅವರು ಹಾಕಿದ ಗಂಟು ಬಿಚ್ಚಿಕೊಂಡಿತು ಎಂದು ಯಾರೂ ಹೇಳಿದ್ದಿಲ್ಲ. ಆದರೆ ಅವರ ಟ್ರಸ್ಟ್ ಆಸ್ಪತ್ರೆಗೆ ಈಗ ನಾಲ್ಕು ತೋಳಿನ ಯಂತ್ರವೊಂದು ಬಂದಿತ್ತು. ಕಂಪನಿಯವರು ಇಟ್ಟ ಹೆಸರು ಯಾರ ಬಾಯಲ್ಲೂ ಹೊರಳದೆ, ಮೂರನೇ ದಿನಕ್ಕೆ ಎಲ್ಲರೂ ಅದನ್ನು ಚತುರ್ಭುಜ ಎನ್ನತೊಡಗಿದ್ದರು. ರೋಗಿಯ ಹೊಟ್ಟೆಗೆ ನಾಲ್ಕು ಸಣ್ಣ ತೂತು. ಅದರೊಳಗೆ ಚತುರ್ಭುಜನ ಕಡ್ಡಿಯಂಥ ತೋಳುಗಳು. ಸರ್ಜನ್ ಹತ್ತಡಿ ದೂರದಲ್ಲಿ ಪೆಟ್ಟಿಗೆಯೊಂದಕ್ಕೆ ತಲೆಕೊಟ್ಟು, ಉಂಗುರಗಳಲ್ಲಿ ಬೆರಳು ತೂರಿಸಿ ಕೂತರೆ, ಇಲ್ಲಿ ಬೆರಳಾಡಿದ ಹಾಗೆ ಅಲ್ಲಿ ತೋಳಾಡುತ್ತದೆ.

ತೊಂದರೆ ಏನೆಂದರೆ, ಆ ಉಂಗುರದಲ್ಲಿ ಬೆರಳಿಗೆ ಏನೂ ತಿಳಿಯುವುದಿಲ್ಲ. ಹಿಡಿದದ್ದು ಮೆತ್ತಗಿದೆಯೋ ಗಟ್ಟಿಯಿದೆಯೋ ಕಣ್ಣಲ್ಲೇ ಅಂದಾಜು ಮಾಡಬೇಕು. ಇದಕ್ಕೆ ಕಂಪನಿ ಕಂಡುಹಿಡಿದ ಉಪಾಯ ಗವಸು. ಸರ್ಜನ್ ನಲವತ್ತು ದಿನಗಳಲ್ಲಿ ಇನ್ನೂರು ಗಂಟೆ ಈ ಗವಸು ತೊಟ್ಟು ಮನೆಯಲ್ಲಿ ಯಾವುದಾದರೂ ನಾಜೂಕಿನ ಕೆಲಸ ಮಾಡಬೇಕು. ಎಲ್ಲಿ ಎಷ್ಟು ಒತ್ತುತ್ತಾನೆ, ಯಾವಾಗ ಸಡಿಲಿಸುತ್ತಾನೆ ಎಂಬುದನ್ನು ಗವಸು ನೆನಪಿಟ್ಟುಕೊಂಡು, ರಾತ್ರಿ ತನ್ನ ಡಬ್ಬಿಯಲ್ಲಿ ಮಲಗಿ ಆಸ್ಪತ್ರೆಗೆ ಸುದ್ದಿ ಕಳಿಸುತ್ತದೆ. ಆ ಹದವನ್ನು ಕಲಿತ ಚತುರ್ಭುಜ, ಸರ್ಜನ್ ಮರೆತು ಜಾಸ್ತಿ ಒತ್ತಿದರೂ ತಾನು ಒತ್ತುವುದಿಲ್ಲ. ಇದಕ್ಕೆ ಅವರಿಟ್ಟ ಹೆಸರು ಕೈಗುರುತು.

ಯುಗಾದಿಯಿಂದ ಹರ್ನಿಯಾ ಎಲ್ಲವೂ ಯಂತ್ರದಲ್ಲೇ ಎಂದು ಟ್ರಸ್ಟಿನವರು ತೀರ್ಮಾನಿಸಿದ್ದರು. ನಲವತ್ತನೆಯ ದಿನದ ಪರೀಕ್ಷೆಯಲ್ಲಿ ಎಂಬತ್ತೈದು ಅಂಕ ಬರದವರಿಗೆ ಆಪರೇಷನ್ ಥಿಯೇಟರ್ ಇಲ್ಲ. 'ಆಡಳಿತ ಸಲಹೆಗಾರ' ಎಂಬ ಹುದ್ದೆ. ಕ್ಯಾಂಟೀನಿನ ಪಕ್ಕದ ಆ ಕೋಣೆಯನ್ನು ಆರಾಧ್ಯರು ಹೋಗಿ ನೋಡಿಕೊಂಡು ಬಂದಿದ್ದರು. ಒಂದು ಮೇಜು, ಒಂದು ಕ್ಯಾಲೆಂಡರು, ದಿನವಿಡೀ ಒಗ್ಗರಣೆಯ ವಾಸನೆ.

ಮೊದಲ ವಾರದ ಪರೀಕ್ಷೆಯಲ್ಲಿ ರಬ್ಬರಿನ ಹೊಟ್ಟೆಯ ಮೇಲೆ ಅವರಿಗೆ ಬಂದದ್ದು ಮೂವತ್ತೊಂದು. ಎರಡನೇ ವಾರ ಇಪ್ಪತ್ತೆಂಟು.

"ಎರಡು ಸಲ ದಾರ ಕಿತ್ತೆ. ಒಂದು ಸಲ ರಬ್ಬರ್ ಕರುಳೇ ಕಿತ್ತೆ," ಎಂದು ಊಟಕ್ಕೆ ಕೂತಾಗ ಹೇಳಿದರು. "ನೌಶೀನ್‌ಗೆ ತೊಂಬತ್ತೊಂದು. ನನ್ನ ಹತ್ರ ಗಂಟು ಹಾಕೋದು ಕಲಿತ ಹುಡುಗಿ! ಅವಳು ಮನೇಲಿ ಕ್ರೋಶೆ ಹಾಕ್ತಾಳಂತೆ. ಟೇಬಲ್ ಮೇಲೆ ಹಾಸೋದು ಮೂರು ಮುಗಿಸಿದಾಳೆ."

"ನೀವು ಏನು ಮಾಡಿದ್ರಿ?"

"ಪೇಪರ್ ಓದ್ದೆ."

"ಗವಸು ಹಾಕ್ಕೊಂಡು ಪೇಪರ್ ಓದಿದ್ರೆ ಅದು ಕಲಿಯೋದಾದ್ರೂ ಏನು, ಪುಟ ತಿರುಗಿಸೋದಾ?"

ಇನ್ನೂ ಅವಮಾನವೆಂದರೆ, ಎಲ್ಲರ ಅಂಕವನ್ನೂ ಗೆರೆ ಎಳೆದು ಡಾಕ್ಟರುಗಳು ಟೀ ಕುಡಿಯುವ ಕೋಣೆಯ ಗೋಡೆಗೆ ಅಂಟಿಸಿದ್ದರು. ನೌಶೀನಳ ಗೆರೆ ಮೇಲಕ್ಕೆ ಹತ್ತಿತ್ತು; ಆರಾಧ್ಯರದು ಬಾವಿಗೆ ಬಿಟ್ಟ ಹಗ್ಗದ ಹಾಗೆ ಕೆಳಗಿಳಿದಿತ್ತು. ಕಸ ಗುಡಿಸಲು ಬಂದ ಆಯಾ ಅದನ್ನು ನೋಡಿ, "ಇದು ಯಾರ್ ಜ್ವರದ ಚಾರ್ಟು ಡಾಕ್ಟ್ರೇ? ಚೆನ್ನಾಗಿ ಇಳ್ದೈತೆ ಬಿಡಿ, ಇನ್ನ ಮನೆಗ್ ಕಳಿಸ್‌ಬೌದು," ಎಂದಿದ್ದಳಂತೆ. ಮಂಗಳಾ ನಗು ತಡೆಯಲು ಮಜ್ಜಿಗೆ ತರುವ ನೆಪ ಮಾಡಿ ಎದ್ದುಹೋದಳು.

ಅದರ ಮೇಲೆಯೇ ಅವರು ನಾಜೂಕಿನ ಕೆಲಸ ಹುಡುಕಲು ಹೊರಟದ್ದು. ಗುಂಡಿ ಹೊಲಿದರು, ಆ ಅಂಗಿ ಇವತ್ತಿಗೂ ಕತ್ತರಿಯಿಲ್ಲದೆ ಬಿಚ್ಚಲಾಗುವುದಿಲ್ಲ. ಮಲ್ಲಿಗೆ ಕಟ್ಟಿದರು, ಹೂವಿನ ತೊಟ್ಟುಗಳೆಲ್ಲ ಒಂದು ಕಡೆ, ಎಸಳುಗಳೆಲ್ಲ ಇನ್ನೊಂದು ಕಡೆ. ಕಡೆಗೆ ಅವರೆಕಾಯಿಯ ಕಾಲ ಬಂತು, ಅವರೆಕಾಳು ಸಿಕ್ಕಿತು. ಮೂವತ್ತು ವರ್ಷ ಆ ಬೇಳೆಯ ಸಾರನ್ನು ಸುರಿದುಕೊಂಡು ಉಂಡಿದ್ದರೂ ಅದು ಸಿಪ್ಪೆಯಿಂದ ಹೇಗೆ ಹೊರಗೆ ಬರುತ್ತದೆ ಎಂದು ಒಮ್ಮೆಯೂ ಕೇಳಿದವರಲ್ಲ. ಹೆಂಡತಿ ನೋಡಿದರೆ ನಗುತ್ತಾಳೆಂದು ರಾತ್ರಿ ಕದ್ದು ಕೂತಿದ್ದರು.

ಮಂಗಳಾ ನಗಲಿಲ್ಲ. ಇನ್ನೊಂದು ಮಣೆ ತಂದು ಎದುರಿಗೆ ಕೂತಳು.

"ನೋಡಿ, ಒತ್ತಬಾರದು. ಉಗುರಿಂದ ಮೂತಿ ಹತ್ರ ಒಂಚೂರು ಸೀಳು ಮಾಡಿ, ಹಿಂದಿಂದ ಸುಮ್ನೆ ನೂಕಬೇಕು. ಅದು ತಾನೇ ಬರತ್ತೆ."

"ತಾನೇ ಬರಲ್ಲ ಮಂಗಳಾ. ಯಾವುದೂ ತಾನೇ ಬರಲ್ಲ. ಎಳೀಬೇಕು."

"ಎಳದ್ರೆ ಹೀಗೇ ಆಗೋದು," ಎಂದು ಅವಳು ಮುದ್ದೆಯಾದ ಕಾಳುಗಳ ಗುಡ್ಡೆ ತೋರಿಸಿದಳು.

ಹೀಗೆ ಶುರುವಾಯಿತು. ಬೆಳಿಗ್ಗೆ ಆಸ್ಪತ್ರೆಯ ನಿಯಂತ್ರಣ ಕೋಣೆ, ರಾತ್ರಿ ಅಡುಗೆಮನೆ. ಅಲ್ಲಿ ಯಂತ್ರದ ಎಂಜಿನಿಯರ್ ಫಿಲೋಮಿನಾ ಬೈಯುತ್ತಿದ್ದಳು, ಇಲ್ಲಿ ಮಂಗಳಾ. ಮಂಗಳೂರು ಕಡೆಯ ಫಿಲೋಮಿನಾ ದಪ್ಪ ಕನ್ನಡಕದ ನಡುವಯಸ್ಸಿನ ಹೆಂಗಸು. "ಸರ್, ನೀವು ಎಂತ, ಎತ್ತಿನಗಾಡಿ ಹಗ್ಗ ಬಿಗೀತಾ ಇದ್ದೀರಾ?" ಎಂದು ಕೇಳಿದ್ದಳಂತೆ. ಮನೆಯಲ್ಲಿ ದಿನವೂ ಹಿತಕಿದ ಬೇಳೆ ಸಾರು, ಹಿತಕಿದ ಬೇಳೆ ಉಪ್ಪಿಟ್ಟು, ಹಿತಕಿದ ಬೇಳೆ ರೊಟ್ಟಿ. ಉಳಿದದ್ದನ್ನು ಅಕ್ಕಪಕ್ಕದವರಿಗೆ ಹಂಚಿ, ಮೂರನೇ ವಾರಕ್ಕೆ ಎದುರು ಮನೆಯವರು ಮಂಗಳಾಳ ಕೈಯಲ್ಲಿ ಬಟ್ಟಲು ಕಂಡರೆ ಒಳಗೆ ದೀಪ ಆರಿಸತೊಡಗಿದರು.

ಮೂರನೇ ವಾರದ ಅಂಕ ಮೂವತ್ತನಾಲ್ಕು.

ಆ ಶನಿವಾರ ಮರಿಸ್ವಾಮಿ ಬಂದ. ತೆಂಗಿನಕಾಯಿ ಸುಲಿಯುವ ಆಳು, ಮನೆಗೆ ವಾರವಾರ ಕಾಯಿ ತಂದುಕೊಡುವವನು. ಇಪ್ಪತ್ತೈದು ವರ್ಷ ಸುಲಿಗೋಲಿನ ಮೇಲೆ ಬಗ್ಗಿ ಬಗ್ಗಿ ಅವನಿಗೆ ತೊಡೆಸಂದಿಯ ಹತ್ತಿರ ನಿಂಬೆಹಣ್ಣಿನಷ್ಟು ಉಬ್ಬು ಬಂದಿತ್ತು. ಚೀಲ ಇಳಿಸಿ, ಅಂಗೈಯಿಂದ ಅದನ್ನು ಒತ್ತಿಹಿಡಿದೇ ಜಗಲಿಯ ಮೇಲೆ ಕೂತ.

"ಆಪರೇಷನ್ ಮಾಡಿಸ್ಕೊಳ್ಳೋ ಅಂದ್ರೆ ಎಷ್ಟು ದಿನ ಮುಂದಕ್ಕೆ ಹಾಕ್ತೀಯೋ?" ಎಂದಳು ಮಂಗಳಾ.

"ಡಾಕ್ಟ್ರಪ್ಪಾರು ಮಾಡೋದಾದ್ರೆ ನಾಳೀಕೇ ಮಲೀಕಂತೀನಿ ಅಮ್ಮಾರೆ. ಇನ್ಯಾರೋ ಕೈ ಇಕ್ಕೋದು ಬ್ಯಾಡ."

"ಇನ್ಮೇಲೆ ಮಿಷಿನ್ ಮಾಡತ್ತಂತೆ."

"ಮಿಷಿನ್ ಓಡ್ಸೋರು ಅವ್ರೇ ತಾನೆ? ಬಸ್ಸು ಯಾವ್ದಾದ್ರೇನಮ್ಮಾರೆ, ಡ್ರೈವರ್ ನಮ್ಮೋನಾದ್ರೆ ಸರಿ."

ಒಳಗೆ ಕೂತು ಇದನ್ನು ಕೇಳಿಸಿಕೊಂಡ ಆರಾಧ್ಯರು ಆ ರಾತ್ರಿ ತಡವಾಗಿ ಬೇಸಿನ್ನು ಎತ್ತಿಟ್ಟರು. ಮಲಗುವ ಮುಂಚೆ ಒಂದೇ ಒಂದು ಮಾತು ಹೇಳಿದರು: "ಆ ಕೋಣೇಲಿ ಕಿಟಕಿ ಇಲ್ಲ ಕಣೇ." ಕ್ಯಾಂಟೀನಿನ ಪಕ್ಕದ ಕೋಣೆ. ಮಂಗಳಾಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಇಪ್ಪತ್ತೆರಡನೆಯ ದಿನ ಮುಂಜಾನೆ, ಗವಸು ಅಡುಗೆಕಟ್ಟೆಯ ಮೇಲೇ ಬಿದ್ದಿತ್ತು. ಅವರು ಅರ್ಧ ರಾತ್ರಿಗೆ ತೂಕಡಿಸಿ ಹಾಗೇ ಕಳಚಿಟ್ಟು ಹೋಗಿದ್ದರು. ಚಳಿ ಇತ್ತು. ಬೇಸಿನ್ನಿನ ನೀರು ಐಸಿನ ಹಾಗಿತ್ತು. ಮಂಗಳಾ ಡಬ್ಬಿಯಲ್ಲಿಡಲೆಂದು ಗವಸು ಎತ್ತಿಕೊಂಡವಳು, ಬೆಚ್ಚಗಿದೆಯಲ್ಲ ಎಂದು ಒಮ್ಮೆ ತೊಟ್ಟು ನೋಡಿದಳು. ಯಾರ ಕೈಗಾದರೂ ಹೊಂದಿಕೊಳ್ಳುವಂತೆ ಅದು ಕುಗ್ಗಿ ಕೂತಿತು. ಉಳಿದ ಕಾಳು ಹಿತಕಿದಳು. ಅವಳ ಕೈ ಅವಳನ್ನು ಕೇಳದೆಯೇ ನಡೆಯುತ್ತಿತ್ತು: ನೂಕು, ಬಿಡು, ನೂಕು, ಬಿಡು, ಹತ್ತು ಕಾಳಿಗೊಮ್ಮೆ ಹೆಬ್ಬೆಟ್ಟನ್ನು ತೋರುಬೆರಳಿಗೆ ಎರಡು ಸಲ ಉಜ್ಜಿ ಅಂಟಿದ ಸಿಪ್ಪೆ ಉದುರಿಸುವುದು. ಮುಗಿಸಿ ಗವಸನ್ನು ಡಬ್ಬಿಗೆ ಹಾಕಿದಾಗ ಮುಚ್ಚಳದ ಮೇಲಿನ ಗಂಟೆಯ ಲೆಕ್ಕ ಎಪ್ಪತ್ತೊಂಬತ್ತಿದ್ದದ್ದು ಎಂಬತ್ತೂವರೆಯಾಯಿತು.

ಮಂಗಳಾ ಅದನ್ನು ನೋಡುತ್ತ ನಿಂತಳು.

ಅವಳಿಗೆ ಹೊಳೆದದ್ದು ಯಂತ್ರವಲ್ಲ, ಹಾಜರಾತಿ ಪುಸ್ತಕ. ಕಾಲೇಜಿನಲ್ಲಿ ಪ್ರತಿ ಫೆಬ್ರವರಿಯಲ್ಲೂ ಹಾಜರಾತಿ ಕಮ್ಮಿಯಾದ ಹುಡುಗಿಯರು ಅವಳ ಮೇಜಿನ ಮುಂದೆ ಅಳುತ್ತ ನಿಲ್ಲುತ್ತಿದ್ದರು. ಪಾಠ ಬರುತ್ತದೆ, ದಿನ ಸಾಲದು. ಅಂಥವರಿಗೆ ನಾಲ್ಕೋ ಐದೋ ದಿನ ತುಂಬಿ ಪರೀಕ್ಷೆಗೆ ಕೂರಿಸಿದ ಕೈ ಅವಳದು. ಯಾರಿಗೂ ನಷ್ಟವಾದದ್ದಿಲ್ಲ; ಅವರಲ್ಲಿ ಇಬ್ಬರು ಈಗ ತಾವೇ ಲೆಕ್ಚರರು. ಇದೂ ಹಾಗೇ. ಇನ್ನೂರು ಗಂಟೆ ತುಂಬಬೇಕು, ಅಷ್ಟೇ ತಾನೆ?

ಅಂದಿನಿಂದ ದಿನವೂ ನಸುಕಿಗೆ ಎದ್ದು, ಅವರು ಏಳುವ ಹೊತ್ತಿಗೆ ಮೂರು ಮೂರೂವರೆ ಗಂಟೆ ತುಂಬಿಸಿಟ್ಟಳು.

"ಒಳ್ಳೇ ಡಬ್ಬಿ ಮಂಗಳಾ ಇದು," ಎಂದರು ಆರಾಧ್ಯರು ಒಂದು ಬೆಳಿಗ್ಗೆ. "ನಿದ್ದೆ ಮಾಡಿದ್ದನ್ನೂ ಎಣಿಸತ್ತೆ."

"ಕಂಪನಿಯವರು ಧಾರಾಳ ಇರಬೇಕು," ಎಂದಳು ಮಂಗಳಾ.

ನಾಲ್ಕನೇ ವಾರ ಐವತ್ತೆರಡು. ಐದನೇ ವಾರ ಎಪ್ಪತ್ತೊಂದು. ನಲವತ್ತನೆಯ ದಿನ ಎಂಬತ್ತೆಂಟು.

ಆರಾಧ್ಯರು ಮೈಸೂರು ಪಾಕಿನ ಪೊಟ್ಟಣ ಹಿಡಿದು ಮನೆಗೆ ಬಂದರು. ನಡೆಯುವ ಠೀವಿಯೇ ಬದಲಾಗಿತ್ತು. "ಬಾವಿ ಹಗ್ಗ ಈಗ ಗಾಳಿಪಟ ಆಗಿದೆ, ಹೋಗಿ ನೋಡು ಗೋಡೆ ಮೇಲೆ," ಎಂದರು. "ಆ ಫಿಲೋಮಿನಾ ಏನಂದ್ಲು ಗೊತ್ತಾ? 'ಸರ್, ನಿಮ್ಮ ಕೈ ಹೂವಿನ ಹಾಗೆ ಆಗಿದೆ.' ಹೂವಿನ ಹಾಗೆ! ನೌಶೀನ್ ಮುಂದೇನೇ ಅಂದ್ಲು!" ಆಮೇಲೆ ಮಣೆಯ ಮೇಲೆ ಕೂತು, ಕಾಳು ಹಿತಕುತ್ತಿದ್ದ ಹೆಂಡತಿಯನ್ನು ಸ್ವಲ್ಪ ಹೊತ್ತು ಗಮನಿಸಿ, "ನಿಂದು ಒಂಚೂರು ಅವಸರ ಜಾಸ್ತಿ ಮಂಗಳಾ. ಹದ ಇರಬೇಕು," ಎಂದು ತಿದ್ದಿದರು.

ಅವಳು ತಲೆಬಗ್ಗಿಸಿ ಇನ್ನೊಂದು ಕಾಳು ಹಿತಕಿದಳು. ಒಳಗೊಳಗೇ ಖುಷಿ. ಅದು ನಾಲ್ಕೇ ದಿನ ಉಳಿಯಿತು.

ಐದನೆಯ ದಿನ ಬೆಳಿಗ್ಗೆ ಎಂಟಕ್ಕೆ ಮರಿಸ್ವಾಮಿಯ ಆಪರೇಷನ್. ಹಿಂದಿನ ಸಂಜೆ, ಗವಸಿನ ಡಬ್ಬಿಯನ್ನು ಕಂಪನಿಗೆ ವಾಪಸು ಕೊಡಬೇಕೆಂದು ಒರೆಸಿ ತೆಗೆದಿಡುವಾಗ ಅದರ ತಳದಲ್ಲಿ ಮಡಚಿಟ್ಟಿದ್ದ ಸೂಚನೆಯ ಹಾಳೆ ಸಿಕ್ಕಿತು. ಮಂಗಳಾ ಔಷಧದ ಚೀಟಿಯನ್ನೂ, ಸೋಪಿನ ಕವರನ್ನೂ ಪೂರ್ತಿ ಓದುವ ಹೆಂಗಸು. ಇದನ್ನು ಓದದೆ ಬಿಟ್ಟದ್ದು ಹೇಗೆಂದು ಅವಳಿಗೇ ಆಮೇಲೆ ಆಶ್ಚರ್ಯವಾಯಿತು. ಹದಿನಾರು ಭಾಷೆಯಲ್ಲಿ ಅಚ್ಚಾಗಿತ್ತು. ಕನ್ನಡದ ಭಾಗವನ್ನು ಯಾವುದೋ ಯಂತ್ರವೇ ಬರೆದಿರಬೇಕು:

"ಕೈಗವಸು ಒಬ್ಬ ವ್ಯಕ್ತಿಯ ಸುಖಕ್ಕಾಗಿ ಮಾತ್ರ. ಪರಹಸ್ತವು ಪ್ರವೇಶಿಸಿದಲ್ಲಿ ಯಂತ್ರವು ಅದನ್ನು ಪೂರ್ಣ ನಂಬಿಕೆಯಿಂದ ಪ್ರೀತಿಸುವುದು. ಅನಂತರದ ಶಸ್ತ್ರಕ್ರಿಯೆಗೆ ಶುಭವಾಗಲಿ."

ಮಂಗಳಾ ಮೂರು ಸಲ ಓದಿದಳು. ಮೊದಲನೆಯ ಸಲ ನಗು ಬಂತು. ಮೂರನೆಯ ಸಲಕ್ಕೆ ಹಾಳೆ ಹಿಡಿದೇ ಮಣೆಯ ಮೇಲೆ ಕೂತಳು. ಡ್ರೈವರ್ ನಮ್ಮೋನಾದ್ರೆ ಸರಿ ಎಂದಿದ್ದ ಮರಿಸ್ವಾಮಿ. ನಾಳೆ ಅವನ ಹೊಟ್ಟೆಯೊಳಗೆ ಹೋಗುವ ಕೈ ಯಾರದು? ಅವಳು ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡಳು. ಬೋಂಡಾ ಕರಿದು ಸುಟ್ಟುಕೊಂಡ ಕಲೆ, ಹೆಬ್ಬೆಟ್ಟಿನ ಸಂದಿಯಲ್ಲಿ ಅವರೆ ಸೊಗಡು. ಈ ಕೈಗೆ ಹರ್ನಿಯಾ ಬಗ್ಗೆ ಏನು ಗೊತ್ತು?

ಹೇಳಿಬಿಡೋಣವೆಂದು ಕೋಣೆಗೆ ಹೋದಳು. ಆರಾಧ್ಯರು ನಾಳೆಯ ಅಂಗಿ ಆರಿಸಿ ಕುರ್ಚಿಗೆ ಹಾಕಿ, ಬಾಯಿ ತೆರೆದು ಮಗುವಿನ ಹಾಗೆ ನಿದ್ದೆಹೋಗಿದ್ದರು. ಒಂದೂವರೆ ತಿಂಗಳಲ್ಲಿ ಅವರು ಹಾಗೆ ಮಲಗಿದ್ದು ಅದೇ ಮೊದಲು. ಎಬ್ಬಿಸಲಾಗಲಿಲ್ಲ. ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡಳು. ಬೆಳಿಗ್ಗೆ ಅವರು ಆರಕ್ಕೇ ಹೊರಟುಬಿಟ್ಟಿದ್ದರು.

ಆಟೋ ಹಿಡಿದು ಆಸ್ಪತ್ರೆ ತಲುಪುವಾಗ ಎಂಟೂ ಇಪ್ಪತ್ತು. ಕಾವಲಿನವನಿಗೆ ಡಾಕ್ಟರ ಮನೆಯವರೆಂಬ ಗುರುತಿತ್ತು, ತಡೆಯಲಿಲ್ಲ. ನಿಯಂತ್ರಣ ಕೋಣೆ ಥಿಯೇಟರಿನ ಪಕ್ಕದಲ್ಲೇ, ನಡುವೆ ಗಾಜು. ಫಿಲೋಮಿನಾ ನಾಲ್ಕು ಪರದೆಗಳ ಮುಂದೆ ಕೂತಿದ್ದಳು. ಗಾಜಿನಾಚೆ ಹಸಿರು ಬಟ್ಟೆಯಡಿಯಲ್ಲಿ ಮರಿಸ್ವಾಮಿ, ಅವನ ಮೇಲೆ ಬಾಗಿದ ಚತುರ್ಭುಜ, ಪಕ್ಕದಲ್ಲಿ ನೌಶೀನ್. ಆಚೆ ಮೂಲೆಯಲ್ಲಿ ಪೆಟ್ಟಿಗೆಗೆ ತಲೆಕೊಟ್ಟು ಕೂತ ಗಂಡನ ಬೋಳುತಲೆಯ ಹಿಂಭಾಗ.

"ಶುರುವಾಗಿಬಿಟ್ಟಿದ್ಯಾ?" ಎಂದಳು ಮಂಗಳಾ.

"ಆಗ್ಲೇ ಒಳಗೆ ಹೋಗಿ ಆಯ್ತು. ಬನ್ನಿ ಬನ್ನಿ, ನೋಡಿ ನಿಮ್ಮ ಯಜಮಾನ್ರನ್ನ. ಬೆಣ್ಣೆ ಕಡೆದ ಹಾಗೆ ಮಾಡ್ತಿದ್ದಾರೆ."

"ಫಿಲೋಮಿನಾ ಅವರೇ, ಒಂದು ಮಾತು. ಈಗ, ಒಂದು ವೇಳೆ, ಒಬ್ಬರ ಗವಸನ್ನು... ಅಂದ್ರೆ ಯಾರಾದರೂ, ಹಾಜರಾತಿಗೆ ಅಂತ..."

ಮೂವತ್ತೊಂದು ವರ್ಷ ತೂಕಮಾಡಿ ಮಾತಾಡಿದವಳಿಗೆ ಒಂದು ವಾಕ್ಯವೂ ಕೂಡಿಬರಲಿಲ್ಲ. ಫಿಲೋಮಿನಾ ಕನ್ನಡಕದ ಮೇಲಿಂದ ನೋಡಿದಳು.

"ಎಷ್ಟು ಗಂಟೆ ಹಾಕಿದ್ರಿ?"

"ಅರವತ್ತೊಂದು."

"ದೇವರೇ," ಎಂದು ಫಿಲೋಮಿನಾ ಕುರ್ಚಿ ತಿರುಗಿಸಿ ಕೀಲಿಗಳನ್ನು ಒತ್ತಿದಳು. ಪರದೆಯ ಮೇಲೆ ಎರಡು ಕೈಗಳ ಚಿತ್ರ ಮೂಡಿತು: ಒಂದು ದೊಡ್ಡದು, ನೀಲಿ, ಒಂದು ಚಿಕ್ಕದು, ಕೆಂಪು. ನೂರರಲ್ಲಿ ನೀಲಿಯ ಪಾಲು ಎಂಟು, ಕೆಂಪಿನದು ತೊಂಬತ್ತೆರಡು. "ನಾನು ಒಟ್ಟು ಅಂಕ ಮಾತ್ರ ನೋಡಿದ್ದೆ, ಇದನ್ನು ನೋಡ್ಲೇ ಇಲ್ಲ. ಯಂತ್ರ ಹದವಾದ ಕೈ ಯಾವುದೋ ಅದನ್ನೇ ಆರಿಸ್ಕೊಂಡಿದೆ. ಎಲ್ಲಿ ಹೋಗ್ಬೇಕು, ಎಲ್ಲಿ ಕೊಯ್ಬೇಕು ಅನ್ನೋದೆಲ್ಲ ಅವರದ್ದೇ. ಎಷ್ಟು ಒತ್ತಬೇಕು ಅನ್ನೋದು ನಿಮ್ಮದು."

"ಅಂದ್ರೆ ಈಗ ಮರಿಸ್ವಾಮಿ ಹೊಟ್ಟೇಲಿ..."

"ನೀವೇ ಇದ್ದೀರಿ."

ದೊಡ್ಡ ಪರದೆಯಲ್ಲಿ ಗುಲಾಬಿ ಬಣ್ಣದ ಪೊರೆ, ಅದರೊಳಗೆ ಹಳದಿ ಕೊಬ್ಬಿನ ಗಂಟು. ಚತುರ್ಭುಜನ ಎರಡು ಬೆರಳು ಬಂದು ಪೊರೆಯ ಮೂತಿಯಲ್ಲಿ ಒಂಚೂರು ಸೀಳು ಮಾಡಿ, ಹಿಂದಿನಿಂದ ಮೆಲ್ಲಗೆ ನೂಕಿದವು. ಗಂಟು ನುಣ್ಣಗೆ ಹೊರಗೆ ಜಾರಿತು. ಆಮೇಲೆ ಆ ಬೆರಳುಗಳು, ಯಾರೂ ಹೇಳದೆ, ಒಂದಕ್ಕೊಂದು ಎರಡು ಸಲ ಉಜ್ಜಿಕೊಂಡವು.

ಮಂಗಳಾ ಗಾಬರಿಯಿಂದ ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

"ಸರ್," ನೌಶೀನಳ ದನಿ ಸ್ಪೀಕರಿನಲ್ಲಿ ಬಂತು, "ಅದೇನು ಸರ್, ಬೆರಳು ಉಜ್ತಾ ಇದೀರ?"

"ಯಾರು, ನಾನಾ? ನಾನೇನೂ ಉಜ್ಜಿಲ್ಲಮ್ಮ. ನೀನು ಹೊಟ್ಟೆ ನೋಡು."

"ಇದು ತಮಾಷೆ ಅಲ್ಲಮ್ಮ," ಎಂದಳು ಫಿಲೋಮಿನಾ, ಆದರೂ ಅವಳ ಕೆನ್ನೆ ಅದುರಿತು. "ನಿಯಮದ ಪ್ರಕಾರ ಕೆಂಪು ಕೈಯನ್ನು ನಾನು ಈಗಲೇ ತೆಗೀಬೇಕು. ಇದ್ದಕ್ಕಿದ್ದ ಹಾಗೆ ತೆಗೆದ್ರೆ ಅವರ ಎತ್ತಿನಗಾಡಿ ಕೈ ಒಂದೇ ಉಳೀತದೆ. ಮೆಲ್ಲ ಇಳಿಸ್ತೇನೆ. ಆಗ್ಲಿಲ್ಲ ಅಂದ್ರೆ ಯಂತ್ರ ನಿಲ್ಸಿ, ಅವರಿಗೆ ಗೊತ್ತಿರೋ ಹಾಗೆ ದೊಡ್ಡದಾಗಿ ಕೊಯ್ದು ಮುಗಿಸ್ಲಿ. ಮರಿಸ್ವಾಮಿಗೆ ಎಂತ ಆಗೋದಿಲ್ಲ. ನಿಮ್ಮ ಯಜಮಾನ್ರು ಮಾತ್ರ ನಾಳೆಯಿಂದ ಕ್ಯಾಂಟೀನ್ ಪಕ್ಕ."

ಕಿಟಕಿಯಿಲ್ಲದ ಕೋಣೆ. ಮಂಗಳಾ ಗಾಜಿನಾಚೆಯ ಬೋಳುತಲೆಯನ್ನು ನೋಡಿದಳು. ಆಮೇಲೆ ಹಸಿರು ಬಟ್ಟೆಯ ಅಂಚಿನಿಂದ ಹೊರಗೆ ಕಾಣುತ್ತಿದ್ದ ಮರಿಸ್ವಾಮಿಯ ಬಿರುಕುಬಿಟ್ಟ ಹಿಮ್ಮಡಿಯನ್ನು.

"ಇಳಿಸಿ," ಎಂದಳು.

ಫಿಲೋಮಿನಾ ಮೈಕಿನ ಗುಂಡಿ ಒತ್ತಿದಳು. "ಸರ್, ಒಂದು ನಿಮಿಷ ಕೈ ತೆಗೀರಿ. ತಪಾಸಣೆ ಉಂಟು."

"ಈಗೇನಮ್ಮ ತಪಾಸಣೆ? ಕೆಲಸ ಮಧ್ಯದಲ್ಲಿದೆ."

"ಮಧ್ಯದಲ್ಲೇ ಮಾಡುವಂಥದ್ದು ಸರ್." ಆಮೇಲೆ ಇನ್ನೊಂದು ಗುಂಡಿ ಒತ್ತಿ, ನೌಶೀನಳ ಕಿವಿಗೆ ಮಾತ್ರ ಕೇಳುವಂತೆ, "ಡಾಕ್ಟ್ರೇ, ನೆರವು ಇಳಿಸ್ತಿದ್ದೇನೆ. ನಿಲ್ಲಿಸುವ ಗುಂಡಿ ಮೇಲೆ ಕೈ ಇರಲಿ. ಸ್ವಲ್ಪ ಜಾಸ್ತಿ ಎಳೆದ್ರೂ ಒತ್ತಿಬಿಡಿ," ಎಂದಳು. ಗಾಜಿನಾಚೆ ನೌಶೀನ್ ತಲೆಯಾಡಿಸಿ, ಗುಂಡಿಯ ಮೇಲೆ ಅಂಗೈ ಇಟ್ಟಳು.

ಕೆಂಪು ಕೈಯ ಅಂಕಿ ತೊಂಬತ್ತೆರಡರಿಂದ ಎಂಬತ್ತಕ್ಕೆ ಬಂತು. ಆರಾಧ್ಯರು ಮತ್ತೆ ಉಂಗುರದಲ್ಲಿ ಬೆರಳು ತೂರಿಸಿದರು. ಜಾಲರಿ ಒಳಗೆ ಬಂತು, ಸುರುಳಿ ಬಿಚ್ಚಿತು. ಅರವತ್ತು. ತೋಳು ಒಮ್ಮೆ ತಡವರಿಸಿತು. ಹಿಡಿದದ್ದನ್ನು ಬಿಟ್ಟು, ಮತ್ತೆ ಹಿಡಿಯಿತು. ನಲವತ್ತು. ಸೂಜಿ ಬಂತು. ಎರಡನೇ ವಾರ ಎರಡು ಸಲ ದಾರ ಕಿತ್ತದ್ದು ಇಲ್ಲಿಯೇ. ಮಂಗಳಾ ತನಗೇ ತಿಳಿಯದೆ ಗಾಜಿಗೆ ಹಣೆಯಿಟ್ಟು, ಬಾಯೊಳಗೇ ಹೇಳುತ್ತಿದ್ದಳು: ಎಳೀಬೇಡಿ, ಎಳೀಬೇಡಿ, ತಾನೇ ಬರತ್ತೆ.

ದಾರ ಬಿಗಿಯಿತು. ಇನ್ನೂ ಬಿಗಿಯಿತು. ನೌಶೀನಳ ಅಂಗೈ ಗುಂಡಿಯ ಮೇಲೆ ಗಟ್ಟಿಯಾಯಿತು.

ತೋಳು ನಿಂತಿತು. ಒಂದು ಕೂದಲೆಳೆಯಷ್ಟು ಸಡಿಲಿಸಿತು. ಗಂಟು ಬಂದು ತನ್ನ ಜಾಗದಲ್ಲಿ ಕೂತಿತು.

"ಎಷ್ಟಿದೆ ಈಗ?" ಎಂದಳು ಮಂಗಳಾ.

"ಹತ್ತು. ಐದು." ಫಿಲೋಮಿನಾ ಕೊನೆಯ ಕೀಲಿ ಒತ್ತಿದಳು. "ಸೊನ್ನೆ. ನೀವು ಹೊರಗೆ ಬಂದ್ರಿ."

ಎರಡನೆಯ ಗಂಟು. ಮೂರನೆಯದು. ನಾಲ್ಕನೆಯದು ಮುಗಿದು, ನರ್ಸ್ ಹೊಸ ದಾರ ತರುವಷ್ಟರಲ್ಲಿ ಸುಮ್ಮನೆ ನಿಂತಿದ್ದ ಚತುರ್ಭುಜನ ಬೆರಳುಗಳು ಮತ್ತೆ ಒಂದಕ್ಕೊಂದು ಎರಡು ಸಲ ಉಜ್ಜಿಕೊಂಡವು.

ಮಂಗಳಾ ಬೆಚ್ಚಿ ಫಿಲೋಮಿನಾಳ ಕಡೆ ತಿರುಗಿದಳು. "ಸೊನ್ನೆ ಅಂದ್ರಲ್ಲ!"

ಫಿಲೋಮಿನಾ ಪರದೆ ನೋಡಿದಳು, ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದಳು. "ಸೊನ್ನೆಯೇ ಇದೆ ಮಾರಾಯ್ರೆ. ಇದು ನೀವಲ್ಲ, ಅವರು." ಆಮೇಲೆ ತನಗೇ ಹೇಳಿಕೊಳ್ಳುವಂತೆ ಅಂದಳು: "ಯಂತ್ರಕ್ಕೆ ಕಲಿಸಿದ್ದನ್ನ ಯಂತ್ರ ಅವರಿಗೆ ಕಲಿಸಿಬಿಟ್ಟಿದೆ. ಮೂರು ವಾರ ದಿನಾ ಆ ಉಂಗುರದಲ್ಲಿ ನಿಮ್ಮ ಹದ ಅವರ ಬೆರಳನ್ನ ಹಿಡ್ಕೊಂಡಿತ್ತಲ್ಲ."

"ನಾನು ಎದುರಿಗೆ ಕೂತು ಅಷ್ಟು ದಿನ ಬೈದು ಹೇಳಿದ್ರೆ ಕಲೀಲಿಲ್ಲ."

"ಹೆಂಡತಿ ಹೇಳಿದ್ದು ಅಂತ ಗೊತ್ತಿತ್ತಲ್ಲ, ಅದಕ್ಕೆ."

ಆಪರೇಷನ್ ಮುಗಿಯುವ ಹೊತ್ತಿಗೆ ನೀಲಿ ಕೈ ಒಂದಕ್ಕೇ ಎಂಬತ್ತೇಳು ಅಂಕ ಬಂದಿತ್ತು. ಫಿಲೋಮಿನಾ ವರದಿ ಬರೆಯಲು ಕೂತಳು. ಹಳೆಯ ಪರೀಕ್ಷೆ ರದ್ದು. ಕಾರಣ, ಪರಹಸ್ತ ಪ್ರವೇಶ. ಕೆಂಪು ಕೈ ಅಳಿಸಲಾಗಿದೆ. ಹೊಸ ಅಂಕ, ಎಂಬತ್ತೇಳು.

"ಯಾರ ಹಸ್ತ ಅಂತ ಬರೀತೀರಾ?" ಎಂದಳು ಮಂಗಳಾ, ಪರದೆಯತ್ತ ಬಗ್ಗಿ.

"ಅದಕ್ಕೆ ಇಲ್ಲಿ ಕಾಲಂ ಇಲ್ಲ. ಇಲ್ಲದ ಕಾಲಮ್ಮನ್ನ ನಾನ್ಯಾಕೆ ತುಂಬ್ಲಿ?" ಎಂದು ಫಿಲೋಮಿನಾ ಅವಳ ಕಡೆ ನೋಡಿದಳು. "ಯಜಮಾನ್ರಿಗೆ ಹೇಳೋದು ಬಿಡೋದು ನಿಮಗೆ ಸೇರಿದ್ದು. ಇನ್ನೊಮ್ಮೆ ಗವಸು ಮುಟ್ಟಿದ್ರೆ ಮಾತ್ರ ನಾನು ಟ್ರಸ್ಟಿಗೆ ಹೇಳ್ತೇನೆ."

ಹೇಳಲೇಬೇಕೆಂದು ನಿಶ್ಚಯಿಸಿಕೊಂಡೇ ಮಂಗಳಾ ಹೊರಗೆ ಬಂದಳು. ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡು ಥಿಯೇಟರಿನ ಬಾಗಿಲಲ್ಲಿ ನಿಂತಳು. ಆರಾಧ್ಯರು ಟೋಪಿ ತೆಗೆಯುತ್ತ ಬಂದರು. ಪೆಟ್ಟಿಗೆಗೆ ತಲೆಕೊಟ್ಟು ಕೂತು ಹಣೆಯ ಮೇಲೆ ಕೆಂಪು ಗೆರೆ ಬಿದ್ದಿತ್ತು. ಮೊದಲು ಹೋಗಿ ಬೆಂಚಿನ ಮೇಲೆ ಕೂತಿದ್ದ ಮರಿಸ್ವಾಮಿಯ ಹೆಂಡತಿಗೆ, "ಆಯ್ತಮ್ಮ, ಚೆನ್ನಾಗಾಯ್ತು. ಮೂರು ತಿಂಗಳು ಕಾಯಿ ಸುಲಿಯೋಕೆ ಬಿಡಬೇಡ ಅವನ್ನ," ಎಂದರು. ಆ ಹೆಂಗಸು ಅವರ ಎರಡೂ ಕೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡಳು.

ಆಮೇಲೆ ಹೆಂಡತಿಯನ್ನು ಕಂಡರು. ಹೊಗಳಿಕೊಳ್ಳುತ್ತಾರೆ ಎಂದು ಮಂಗಳಾ ಕಾದಳು. ಅವರು ಹತ್ತಿರ ಬಂದು ದನಿ ತಗ್ಗಿಸಿದರು.

"ಒಂದು ವಿಷಯ ಹೇಳ್ತೀನಿ, ಯಾರ ಹತ್ರಾನೂ ಆಡಬೇಡ. ಮಧ್ಯದಲ್ಲಿ ಏನೋ ತಪಾಸಣೆ ಅಂದ್ರು. ಆಮೇಲೆ ಕೂತ್ರೆ, ಇಷ್ಟು ದಿನ ಪಕ್ಕದಲ್ಲಿ ಯಾರೋ ಕೂತಿದ್ದೋರು ಎದ್ದು ಹೋದ ಹಾಗಾಯ್ತು ಮಂಗಳಾ. ಕೈಯೆಲ್ಲ ಬರಿದು ಬರಿದು. ಅಷ್ಟು ಹೆದರಿಕೆ ನನಗೆ ಮೊದಲನೇ ಆಪರೇಷನ್‌ನಲ್ಲೂ ಆಗಿರಲಿಲ್ಲ."

"ಆಮೇಲೆ?"

"ಆಮೇಲೇನು. ಯಾರೂ ಇಲ್ಲ ಅಂತ ಗೊತ್ತಾದ ಮೇಲೆ ನಾನೇ ಮಾಡಬೇಕಲ್ಲ. ಮಾಡ್ದೆ." ತಮ್ಮ ಅಂಗೈಗಳನ್ನು ಹೊಸದಾಗಿ ಕಂಡವರಂತೆ ತಿರುಗಿಸಿ ನೋಡಿಕೊಂಡರು. "ನಾಳಿದ್ದು ಇನ್ನೆರಡಿವೆ."

ಜೋಡಿಸಿಟ್ಟ ಮಾತುಗಳೆಲ್ಲ ಮಂಗಳಾಳ ನಾಲಿಗೆಯ ತುದಿಗೆ ಬಂದು ನಿಂತವು. ಹೇಳಿದರೆ ತನ್ನ ಎದೆ ಹಗುರಾಗುತ್ತದೆ, ಸರಿ. ಆದರೆ ನಾಳಿದ್ದು ಆ ಪೆಟ್ಟಿಗೆಗೆ ತಲೆಕೊಟ್ಟ ಗಳಿಗೆ ಅವರು ಎದ್ದುಹೋದ ಆ ಕೈಗಾಗಿ ತಡಕುತ್ತಾರೆ. ತಡಕುವ ಕೈಯಲ್ಲಿ ಸೂಜಿ ಇರುತ್ತದೆ, ಸೂಜಿಯ ಕೆಳಗೆ ಯಾರದೋ ಹೊಟ್ಟೆ ಇರುತ್ತದೆ.

"ಅದಿರಲಿ, ನೀನ್ಯಾಕೆ ಬೆಳಿಗ್ಗೇನೇ ಇಲ್ಲಿ?" ಎಂದರು ಆರಾಧ್ಯರು.

"ನೀವು ಕರವಸ್ತ್ರ ಮರೆತು ಬಂದಿದ್ರಿ."

ಅವರು ಜೇಬು ಮುಟ್ಟಿಕೊಂಡರು. "ಇದೆಯಲ್ಲೇ."

"ಇದೆಯಾ? ಸರಿ ಹಾಗಾದ್ರೆ, ನಾನು ಬರ್ತೀನಿ," ಎಂದು ಮಂಗಳಾ ಸೆರಗು ಹೊದ್ದುಕೊಂಡು ಮೆಟ್ಟಿಲ ಕಡೆ ನಡೆದಳು. ಈ ವಿಷಯ ಗಂಡನಿಗೂ ಇಲ್ಲ, ಅಕ್ಕತಂಗಿಯರಿಗೂ ಇಲ್ಲ, ಯಾರಿಗೂ ಹೇಳುವುದಿಲ್ಲವೆಂದು, ಆಸ್ಪತ್ರೆಯ ಕೊನೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ತೀರ್ಮಾನಿಸಿಬಿಟ್ಟಿದ್ದಳು.